ಹಳೆಯ ಕಾರಿಗೆ ಸಲ್ಲುವ ಮಾನ: ಜೀರ್ಣೋದ್ಧಾರ, ಸಂರಕ್ಷಣೆ ಮತ್ತು ವಿನ್ಯಾಸದ ಪುರಸ್ಕಾರಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪೆಬಲ್ ಬೀಚ್ ಎಂಬಲ್ಲಿ, ಪೆಸಿಫಿಕ್ ಸಾಗರದ ದಂಡೆಗೆ ತಾಗಿದಂತೆ ಒಂದು ಗಾಲ್ಫ್ ಮೈದಾನವಿದೆ. ಪ್ರತಿವರ್ಷ ಆಗಸ್ಟ್ ತಿಂಗಳ ಮೂರನೆಯ ಭಾನುವಾರ ಅದರ ಹುಲ್ಲುಹಾಸಿನ ಮೇಲೆ ಜಗತ್ತಿನ ಅತ್ಯಂತ ಅಪರೂಪದ ಹಳೆಯ ಕಾರುಗಳು ಇನ್ನೂರರಷ್ಟು ಸಂಖ್ಯೆಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. 2024ರಲ್ಲಿ ಇಲ್ಲಿ ಸರ್ವಶ್ರೇಷ್ಠ ಕಾರು ಎಂಬ ಗೌರವ ಪಡೆದದ್ದು 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್. ಒಂದು ಕಾಲಕ್ಕೆ ಬೆಲ್ಜಿಯಂ ದೊರೆ ಮೂರನೆಯ ಲಿಯೋಪೋಲ್ಡನ ಬಳಿಯಿದ್ದ ಆ ಕಾರಿನ ಕಪ್ಪು ಬಣ್ಣ ಅಲ್ಲಲ್ಲಿ ಬಿರಿದು, ಸವೆದು, ಮಂಕಾಗಿತ್ತು. ಅದನ್ನು ಯಾರೂ ಹೊಸದಾಗಿ ಬಳಿದಿರಲಿಲ್ಲ. ಬಳಿಯದೆ ಉಳಿಸಿದ್ದಕ್ಕಾಗಿಯೇ ಅದು ಗೆದ್ದಿತು. ಸಂರಕ್ಷಿತ ವರ್ಗದ ಕಾರೊಂದು ಪೆಬಲ್ ಬೀಚ್‌ನ ಪರಮೋಚ್ಚ ಪ್ರಶಸ್ತಿ ಪಡೆದದ್ದು ಅದೇ ಮೊದಲು.

ಮರುವರ್ಷ, ಅಂದರೆ 2025ರಲ್ಲಿ, ಅದೇ ಪ್ರಶಸ್ತಿ 1924ರ ಹಿಸ್ಪಾನೊ-ಸುಯಿಜಾ ಎಚ್6ಸಿ ಕಾರಿಗೆ ಸಂದಿತು. ಇದರ ಕಥೆ ಅದಕ್ಕೆ ತದ್ವಿರುದ್ಧ. ತೆಳುವಾದ ಮರದ ಪಟ್ಟಿಗಳನ್ನು ಸಾವಿರಾರು ಪುಟ್ಟ ರಿವೆಟ್ಟುಗಳಿಂದ ಬಿಗಿದು ಕಟ್ಟಿದ ಈ ಕಾರನ್ನು ಕುಶಲಕರ್ಮಿಗಳು ಬಿಚ್ಚಿ, ಪರೀಕ್ಷಿಸಿ, ನೂರು ವರ್ಷಗಳ ಹಿಂದೆ ಇಟಲಿಯ ಟಾರ್ಗಾ ಫ್ಲೋರಿಯೊ ಪಂದ್ಯದಲ್ಲಿ ಓಡಿದಾಗ ಹೇಗಿತ್ತೋ ಹಾಗೆಯೇ ಮರಳಿ ನಿಲ್ಲಿಸಿದ್ದರು.

ಒಂದು ವರ್ಷ ಕೈ ಹಾಕದ್ದಕ್ಕೆ ಮನ್ನಣೆ, ಮರುವರ್ಷ ಕೈ ಹಾಕಿದ್ದಕ್ಕೆ ಮನ್ನಣೆ. ಮೇಲುನೋಟಕ್ಕೆ ಇದು ವಿರೋಧಾಭಾಸವಾಗಿ ಕಾಣುತ್ತದೆ. ಆದರೆ ಹಳೆಯ ವಾಹನಗಳ ಲೋಕ ಏಳೆಂಟು ದಶಕಗಳಿಂದ ಕೇಳಿಕೊಳ್ಳುತ್ತ ಬಂದಿರುವ ಪ್ರಶ್ನೆ ಇದೇ ಆಗಿದೆ. ಗೌರವ ಯಾವುದಕ್ಕೆ ಸಲ್ಲಬೇಕು? ಕಣ್ಣು ಕೋರೈಸುವ ಹೊಳಪಿಗೋ, ವಾಹನ ತನ್ನ ಮೈಮೇಲೆ ಹೊತ್ತು ತಂದ ಸತ್ಯಕ್ಕೋ?

ಚೆಲುವಿನ ಪಂದ್ಯದ ಹುಟ್ಟು

ಇಂತಹ ಪ್ರದರ್ಶನ ಸ್ಪರ್ಧೆಗಳಿಗೆ ಫ್ರೆಂಚ್ ಭಾಷೆಯಲ್ಲಿ 'ಕಾಂಕೂರ್ ಡೆಲೆಗಾನ್ಸ್' ಎಂದು ಹೆಸರು. ಚೆಲುವಿನ ಪಂದ್ಯ ಎಂಬುದು ಅದರ ಸರಳ ಅರ್ಥ. 1920ರ ದಶಕದ ಯೂರೋಪಿನಲ್ಲಿ ಸಿರಿವಂತರು ಕಾರನ್ನು ಈಗಿನಂತೆ ಸಿದ್ಧರೂಪದಲ್ಲಿ ಕೊಳ್ಳುತ್ತಿರಲಿಲ್ಲ. ತಯಾರಕ ಸಂಸ್ಥೆ ಕೊಡುತ್ತಿದ್ದುದು ಚಾಸಿ, ಎಂಜಿನ್ ಮತ್ತು ಚಕ್ರಗಳನ್ನು ಮಾತ್ರ. ಅದರ ಮೇಲೆ ಬಾಡಿ ಕಟ್ಟಲು ಬೇರೆಯೇ ಸಂಸ್ಥೆಗಳಿದ್ದವು. ನಮ್ಮಲ್ಲಿ ಲಾರಿ ಬಸ್ಸುಗಳ ಚಾಸಿ ತಂದು ಬಾಡಿ ಕಟ್ಟಿಸುವ ಪದ್ಧತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಫ್ರಾನ್ಸಿನ ಫಿಗೋನಿ, ಇಂಗ್ಲೆಂಡಿನ ಗರ್ನಿ ನಟಿಂಗ್, ಇಟಲಿಯ ಟೂರಿಂಗ್, ಅಮೆರಿಕದ ಲೆಬ್ಯಾರನ್ ಮುಂತಾದವು ಈ ಕಸುಬಿನಲ್ಲಿ ಹೆಸರಾದ ಸಂಸ್ಥೆಗಳು. ತಮ್ಮ ಹೊಸ ಕೆಲಸವನ್ನು ಗಿರಾಕಿಗಳ ಮುಂದಿಡಲು ಅವುಗಳಿಗೆ ಒಂದು ವೇದಿಕೆ ಬೇಕಿತ್ತು. ಕಾಂಕೂರ್ ಅಂತಹ ವೇದಿಕೆಯಾಯಿತು.

ಇಟಲಿಯ ಕೋಮೊ ಸರೋವರದ ತೀರದಲ್ಲಿ, ಚೆರ್ನೊಬ್ಬಿಯೊ ಎಂಬ ಊರಿನ ವಿಲ್ಲಾ ಡೆಸ್ಟೆಯಲ್ಲಿ 1929ರಲ್ಲಿ ಆರಂಭವಾದ ಸ್ಪರ್ಧೆ ಇವುಗಳಲ್ಲಿ ಪ್ರಮುಖವಾದದ್ದು. ಎರಡನೆಯ ಮಹಾಯುದ್ಧದಿಂದ ನಿಂತು, ಯುದ್ಧಾನಂತರ ಕೆಲಕಾಲ ನಡೆದು, ಮತ್ತೆ ದೀರ್ಘಕಾಲ ಸ್ಥಗಿತಗೊಂಡಿದ್ದ ಇದು 1990ರ ದಶಕದಲ್ಲಿ ಮರುಹುಟ್ಟು ಪಡೆಯಿತು. 1999ರಿಂದ ಬಿಎಂಡಬ್ಲ್ಯು ಸಮೂಹ ಇದರ ಬೆನ್ನಿಗಿದೆ. ಇಲ್ಲಿ ಎರಡು ಬಗೆಯ ಮನ್ನಣೆಗಳುಂಟು. ತಜ್ಞ ತೀರ್ಪುಗಾರರು ಆರಿಸುವ ಪ್ರಶಸ್ತಿ ಒಂದು; ನೋಡಲು ಬಂದವರ ಮತದಿಂದ ನಿರ್ಧಾರವಾಗುವ 'ಕೊಪ್ಪಾ ದೋರೊ', ಅಂದರೆ ಚಿನ್ನದ ಬಟ್ಟಲು, ಇನ್ನೊಂದು. ತಜ್ಞರ ಕಣ್ಣು ಮತ್ತು ಜನರ ಕಣ್ಣು ಎಲ್ಲ ವರ್ಷವೂ ಒಂದೇ ಕಾರಿನ ಮೇಲೆ ನಿಲ್ಲುವುದಿಲ್ಲ.

ಆರಂಭದ ಈ ಸ್ಪರ್ಧೆಗಳಲ್ಲಿ 'ಹಳೆಯ ಕಾರು' ಎಂಬ ಕಲ್ಪನೆಯೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅವು ಹೊಸ ವಿನ್ಯಾಸದ ಸಂತೆಗಳು. ಕಾಲ ಸರಿದಂತೆ ಅದೇ ಕಾರುಗಳು ಹಳತಾದವು. ಆಗ ಸ್ಪರ್ಧೆಯ ಸ್ವರೂಪವೂ ಬದಲಾಯಿತು.

ಪೆಬಲ್ ಬೀಚ್‌ನ ತಿರುವು

ಪೆಬಲ್ ಬೀಚ್‌ನ ಸ್ಪರ್ಧೆ ಮೊದಲು ನಡೆದದ್ದು 1950ರಲ್ಲಿ, ಅಲ್ಲಿನ ಕಾಡುದಾರಿಗಳಲ್ಲಿ ಏರ್ಪಟ್ಟಿದ್ದ ಮೋಟಾರು ಪಂದ್ಯಕ್ಕೆ ಜೊತೆಯಾಗಿ. ಮೊದಲ ವರ್ಷದ ಪ್ರಶಸ್ತಿ ಸ್ಟರ್ಲಿಂಗ್ ಎಡ್ವರ್ಡ್ಸ್ ಎಂಬವರು ತಾವೇ ಕಟ್ಟಿಸಿದ್ದ ಹೊಸ ಕಾರಿಗೆ ಸಂದಿತು. ಮುಂದಿನ ಕೆಲವು ವರ್ಷಗಳಲ್ಲಿಯೂ ಹೊಸ ಕಾರುಗಳದೇ ಮೇಲುಗೈ. 1956ರ ಪಂದ್ಯದಲ್ಲಿ ಚಾಲಕ ಅರ್ನಿ ಮೆಕಾಫಿ ಅವರ ಕಾರು ಮರಕ್ಕೆ ಅಪ್ಪಳಿಸಿ ಅವರು ಸಾವಿಗೀಡಾದರು. ಅಲ್ಲಿಗೆ ಕಾಡುದಾರಿಯ ಪಂದ್ಯ ನಿಂತು, 1957ರಲ್ಲಿ ಹತ್ತಿರದ ಲಗೂನಾ ಸೆಕಾದಲ್ಲಿ ಪ್ರತ್ಯೇಕ ಪಂದ್ಯದ ಹಾದಿ ನಿರ್ಮಾಣವಾಯಿತು. ಚೆಲುವಿನ ಸ್ಪರ್ಧೆ ಮಾತ್ರ ಪೆಬಲ್ ಬೀಚ್‌ನಲ್ಲೇ ಉಳಿಯಿತು.

ಅದಕ್ಕೂ ಒಂದು ವರ್ಷ ಮೊದಲು ಒಂದು ಮಹತ್ವದ ತಿರುವು ಸಂಭವಿಸಿತ್ತು. 1955ರಲ್ಲಿ ಫಿಲ್ ಹಿಲ್ ಎಂಬ ಯುವಕ 1931ರ ಪಿಯರ್ಸ್-ಆರೋ ಕಾರೊಂದನ್ನು ಸ್ಪರ್ಧೆಗೆ ತಂದರು. ಅದು ಅವರ ಚಿಕ್ಕಮ್ಮ ಹೊಸದಾಗಿದ್ದಾಗಲೇ ಕೊಂಡಿದ್ದ ಕಾರು. ಹಿಲ್ ಮತ್ತು ಅವರ ಸಹೋದರ ಅದನ್ನು ತಮ್ಮ ಕೈಯಿಂದಲೇ ಜೀರ್ಣೋದ್ಧಾರ ಮಾಡಿದ್ದರು. ಯುದ್ಧಪೂರ್ವದ ಕಾರೊಂದು ಅಲ್ಲಿ ಸರ್ವಶ್ರೇಷ್ಠ ಎನಿಸಿಕೊಂಡದ್ದು ಅದೇ ಮೊದಲ ಸಲ. ಆರು ವರ್ಷಗಳ ಬಳಿಕ, 1961ರಲ್ಲಿ, ಇದೇ ಫಿಲ್ ಹಿಲ್ ಫೆರಾರಿ ತಂಡದ ಚಾಲಕರಾಗಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಪಾಲುದಾರರೊಡನೆ ಜೀರ್ಣೋದ್ಧಾರ ಕಾರ್ಯಾಗಾರ ನಡೆಸಿದರು. ದಶಕಗಳ ಕಾಲ ಪೆಬಲ್ ಬೀಚ್‌ನ ತೀರ್ಪುಗಾರರ ಬಳಗದಲ್ಲಿದ್ದರು. ವೇಗದ ಶಿಖರ ಮುಟ್ಟಿದ ವ್ಯಕ್ತಿ ತಾಳ್ಮೆಯ ಕಸುಬಿನಲ್ಲಿ ನೆಲೆ ಕಂಡದ್ದು ವಿಶೇಷ. ಅವರು 2008ರಲ್ಲಿ ನಿಧನರಾದರು.

1955ರ ತೀರ್ಪಿನ ಬಳಿಕ ಜೀರ್ಣೋದ್ಧಾರವೆಂಬುದು ಹವ್ಯಾಸದಿಂದ ಕಲೆಯಾಗಿ ಬೆಳೆಯತೊಡಗಿತು. ಸೌಂದರ್ಯವರ್ಧಕ ಉದ್ಯಮಿ ಜೆ.ಬಿ. ನೆದರ್‌ಕಟ್ ಅವರ ಪ್ರಸಂಗ ಇದಕ್ಕೆ ಉದಾಹರಣೆಯಾಗಿದೆ. 1956ರಲ್ಲಿ ಅವರು 500 ಡಾಲರಿಗೆ 1930ರ ಡುಪಾಂಟ್ ಕಾರೊಂದನ್ನು ಕೊಂಡರು. ಕೆಲವೇ ವಾರಗಳ ಕೆಲಸ ಎಂದುಕೊಂಡಿದ್ದರು. ಅದು ಹದಿನೆಂಟು ತಿಂಗಳು ಹಿಡಿಯಿತು. ಖರ್ಚು 65,000 ಡಾಲರ್ ದಾಟಿತು. 1958ರಲ್ಲಿ ಆ ಕಾರು ಪೆಬಲ್ ಬೀಚ್‌ನಲ್ಲಿ ಸರ್ವಶ್ರೇಷ್ಠ ಪ್ರಶಸ್ತಿ ಗಳಿಸಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಮ್ಮ ಗಾದೆಗೆ ಹಳೆಯ ಕಾರನ್ನೂ ಸೇರಿಸಬಹುದೆಂಬುದನ್ನು ಈ ಕ್ಷೇತ್ರಕ್ಕಿಳಿದ ಯಾರೂ ಅಲ್ಲಗಳೆಯಲಾರರು.

ತೀರ್ಪಿನ ಬಗೆ

ಪೆಬಲ್ ಬೀಚ್‌ನಲ್ಲಿ ಕಾರುಗಳನ್ನು ತಯಾರಕರು, ಕಾಲಘಟ್ಟ, ಬಾಡಿಯ ಬಗೆ ಮುಂತಾದ ಆಧಾರದ ಮೇಲೆ ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ವರ್ಗಕ್ಕೂ ಆ ವಿಷಯದಲ್ಲಿ ಪಳಗಿದ ತೀರ್ಪುಗಾರರ ತಂಡವಿರುತ್ತದೆ. ಕಾರಿಗೆ ನೂರು ಅಂಕಗಳ ಅಳತೆಗೋಲು. ಬಣ್ಣ, ಲೋಹದ ಲೇಪ, ಆಸನದ ಚರ್ಮ, ಎಂಜಿನ್, ಚಾಸಿ, ದೀಪ, ಹಾರನ್ನು ಎಲ್ಲವೂ ಪರಿಶೀಲನೆಗೆ ಒಳಪಡುತ್ತವೆ. ಎಂಜಿನ್ ಚಾಲೂ ಆಗಲೇಬೇಕು. ತಪ್ಪು ಕಂಡಲ್ಲಿ ಅಂಕ ಕಡಿತ.

ಆದರೆ ಕೆಲಸದ ಅಚ್ಚುಕಟ್ಟು ಒಂದೇ ಸಾಲದು. ಅದು ಸರಿಯಾದ ಕೆಲಸವೂ ಆಗಿರಬೇಕು. ಉದಾಹರಣೆಗೆ, ಕಾರುಗಳ ಲೋಹಭಾಗಗಳಿಗೆ ಕ್ರೋಮಿಯಂ ಲೇಪ ಬಳಕೆಗೆ ಬಂದದ್ದು 1920ರ ದಶಕದ ಕೊನೆಯಲ್ಲಿ. ಅದಕ್ಕೂ ಮುಂಚೆ ಇದ್ದದ್ದು ನಿಕ್ಕಲ್ ಲೇಪ. ಅದರ ಕಾಂತಿ ತುಸು ಹಳದಿಗೆ ತಿರುಗಿದ ಮೃದುವಾದ ಕಾಂತಿ. 1922ರ ಕಾರಿನ ದೀಪಕ್ಕೆ ಕನ್ನಡಿಯಂತೆ ಹೊಳೆಯುವ ಕ್ರೋಮ್ ಹಾಕಿಸಿದರೆ ನೋಡುವವರು ಮೆಚ್ಚಬಹುದು, ತೀರ್ಪುಗಾರರು ಮೆಚ್ಚುವುದಿಲ್ಲ. ಹಾಗೆಯೇ ಇಂದಿನ ಬಣ್ಣಗಳ ಗಾಜಿನಂತಹ ಮೆರುಗು ಅಂದಿನ ಸೆಲ್ಯುಲೋಸ್ ಬಣ್ಣಗಳಿಗೆ ಇರಲಿಲ್ಲ. ಆದುದರಿಂದ ಕಾರಿನ ಜೊತೆಗೆ ಕಾಗದಪತ್ರಗಳ ಕಡತವೂ ಬರುತ್ತದೆ. ಕಾರ್ಖಾನೆಯ ದಾಖಲೆ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಆ ಕಾಲದ ಛಾಯಾಚಿತ್ರ, ಹಿಂದಿನ ಒಡೆಯರ ವಿವರ ಇವೆಲ್ಲ ಸಾಕ್ಷಿಗಳು.

ಈ ತಂಡದ ಜೊತೆಗೆ ಗೌರವ ತೀರ್ಪುಗಾರರ ಮತ್ತೊಂದು ಬಳಗವಿದೆ. ಅವರಲ್ಲಿ ಅನೇಕರು ವೃತ್ತಿನಿರತ ಕಾರು ವಿನ್ಯಾಸಕಾರರು. ಅವರು ನೋಡುವುದು ರೇಖೆ, ಪ್ರಮಾಣ, ಒಟ್ಟಂದ. ಕೊನೆಯಲ್ಲಿ ವರ್ಗವಿಜೇತ ಕಾರುಗಳ ನಡುವಿನಿಂದ ಸರ್ವಶ್ರೇಷ್ಠ ಕಾರನ್ನು ಮತದ ಮೂಲಕ ಆರಿಸಲಾಗುತ್ತದೆ. ಕಾರು ಬರಿಯ ಪ್ರದರ್ಶನದ ಬೊಂಬೆಯಾಗಬಾರದೆಂಬ ಕಾಳಜಿಯಿಂದ 1998ರಲ್ಲಿ ಸ್ಪರ್ಧೆಗೆ ಮುನ್ನ ರಸ್ತೆಯ ಮೇಲಿನ ಸವಾರಿಯೊಂದನ್ನೂ ಆರಂಭಿಸಲಾಯಿತು. ಒಂದೇ ವರ್ಗದಲ್ಲಿ ಎರಡು ಕಾರುಗಳಿಗೆ ಸಮನಾದ ಅಂಕ ಬಂದರೆ, ಆ ಸವಾರಿಯನ್ನು ಪೂರೈಸಿದ ಕಾರಿಗೆ ಆದ್ಯತೆ.

ಹೊಳಪಿನ ಅತಿರೇಕ

ನೂರಕ್ಕೆ ನೂರು ಅಂಕದ ಬೆನ್ನುಹತ್ತಿದ ಪರಿಣಾಮವೊಂದು ಬೇಗನೆ ಗೋಚರಿಸಿತು. ಕಾರುಗಳು ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತಲೂ ಹೆಚ್ಚು ನಯವಾಗತೊಡಗಿದವು. ಕಾರ್ಖಾನೆಯಲ್ಲಿ ಒರಟಾಗಿಯೇ ಬಿಟ್ಟಿದ್ದ ಎರಕದ ಭಾಗಗಳನ್ನು ಉಜ್ಜಿ ಹೊಳೆಯಿಸಲಾಯಿತು. ಯಾರ ಕಣ್ಣಿಗೂ ಬೀಳದ ಅಡಿಭಾಗಕ್ಕೂ ಮೆರುಗು ಬಂತು. ಈ ಭರದಲ್ಲಿ ಮೂಲದ ಬಣ್ಣ, ಹೊಲಿಗೆ, ಮರದ ಚೌಕಟ್ಟು, ಕುಶಲಕರ್ಮಿ ಬರೆದಿಟ್ಟ ಗುರುತು ಎಲ್ಲವೂ ಕಸದ ಬುಟ್ಟಿ ಸೇರಿದವು.

ನಮ್ಮ ನಾಡಿನ ಹಳೆಯ ದೇವಾಲಯಗಳ ಜೀರ್ಣೋದ್ಧಾರವನ್ನು ಕಂಡವರಿಗೆ ಈ ನೋವು ಹೊಸದಲ್ಲ. ಭಕ್ತಿಯಿಂದಲೇ ಬಳಿದ ಸುಣ್ಣ ಶಾಸನದ ಅಕ್ಷರಗಳನ್ನು ಮುಚ್ಚಿಬಿಡುತ್ತದೆ. ಶುಚಿಗೊಳಿಸುವ ಉತ್ಸಾಹದಲ್ಲಿ ಶಿಲ್ಪದ ನವುರು ಗೆರೆಗಳು ಅಳಿಸಿಹೋಗುತ್ತವೆ. ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಕಳೆದುಹೋದದ್ದು ಮರಳಿ ಬಾರದು. ಕಾರಿನ ಮಾತೂ ಇಷ್ಟೇ. ಅದನ್ನು ಎಷ್ಟು ಸಲ ಬೇಕಾದರೂ ಜೀರ್ಣೋದ್ಧಾರ ಮಾಡಬಹುದು, ಆದರೆ ಅದು ಮೂಲರೂಪದಲ್ಲಿರುವುದು ಒಂದೇ ಸಲ.

ಈ ಅರಿವು ಮೂಡಿದಂತೆ ಕಾಂಕೂರ್‌ಗಳಲ್ಲಿ ಸಂರಕ್ಷಿತ ಕಾರುಗಳಿಗಾಗಿಯೇ ಪ್ರತ್ಯೇಕ ವರ್ಗಗಳು ಹುಟ್ಟಿಕೊಂಡವು. 1966ರಲ್ಲಿ ಸ್ಥಾಪನೆಯಾದ ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 'ಫಿವಾ' ಈ ದಿಕ್ಕಿನಲ್ಲಿ ಮಹತ್ವದ ಹೆಜ್ಜೆ ಇಟ್ಟಿತು. ಸ್ಮಾರಕಗಳ ರಕ್ಷಣೆಯಲ್ಲಿ ಅನುಸರಿಸುವ ತತ್ತ್ವಗಳನ್ನು ವಾಹನಗಳಿಗೂ ಅನ್ವಯಿಸಿ 'ಟ್ಯೂರಿನ್ ಸನ್ನದು' ಎಂಬ ದಾಖಲೆಯನ್ನು ರೂಪಿಸಿ, 2012ರಲ್ಲಿ ತನ್ನ ಮಹಾಸಭೆಯಲ್ಲಿ ಅಂಗೀಕರಿಸಿತು. 2017ರಲ್ಲಿ ಯುನೆಸ್ಕೊ ಈ ಒಕ್ಕೂಟಕ್ಕೆ ಸಹಭಾಗಿ ಸಂಸ್ಥೆಯ ಮಾನ್ಯತೆ ನೀಡಿತು. ಕಾರು ಕೇವಲ ಶ್ರೀಮಂತರ ಆಟಿಕೆಯಲ್ಲ, ಅದು ಮಾನವನ ಕೈಚಳಕ ಮತ್ತು ಚಲನೆಯ ಇತಿಹಾಸಕ್ಕೆ ಸೇರಿದ ಪರಂಪರೆ ಎಂಬ ನಿಲುವಿಗೆ ಇದರಿಂದ ಬಲ ಬಂತು.

ಸನ್ನದಿನ ಸಾರವನ್ನು ಹೀಗೆ ಹೇಳಬಹುದು. ಮೊದಲನೆಯದು ಸಂರಕ್ಷಣೆ: ಇರುವುದನ್ನು ಇರುವ ಹಾಗೆ ಉಳಿಸಿಕೊಳ್ಳುವುದು, ಹಾಳಾಗದಂತೆ ತಡೆಯುವುದು. ಎರಡನೆಯದು ಜೀರ್ಣೋದ್ಧಾರ: ಕಳೆದುಹೋದ ಅಥವಾ ಕೆಟ್ಟುಹೋದ ಭಾಗವನ್ನು ಆಧಾರಸಹಿತವಾಗಿ ಮರಳಿ ತುಂಬುವುದು. ಮೂರನೆಯದು ಮರುನಿರ್ಮಾಣ: ಇಲ್ಲದ್ದನ್ನು ಹೊಸದಾಗಿ ಕಟ್ಟುವುದು. ಮೊದಲನೆಯದರಿಂದ ಮೂರನೆಯದರ ಕಡೆಗೆ ಸಾಗಿದಷ್ಟೂ ವಾಹನದ ಸಾಕ್ಷ್ಯ ಕ್ಷೀಣಿಸುತ್ತದೆ. ಆದ್ದರಿಂದ ಆದಷ್ಟು ಕಡಿಮೆ ಕೈ ಹಾಕಬೇಕು, ಹಾಕಿದ್ದನ್ನು ಬರೆದಿಡಬೇಕು.

ಇದರರ್ಥ ಜೀರ್ಣೋದ್ಧಾರವೇ ತಪ್ಪು ಎಂದಲ್ಲ. ತುಕ್ಕು ತಿಂದ, ಬೆಂಕಿಗೆ ಸಿಕ್ಕ, ಹಿಂದೆಯೇ ಯಾರೋ ಮನಬಂದಂತೆ ಬದಲಾಯಿಸಿದ ಕಾರನ್ನು ಹಾಗೆಯೇ ಬಿಡುವುದು ಸಂರಕ್ಷಣೆಯಲ್ಲ, ಅಲಕ್ಷ್ಯ. 2025ರಲ್ಲಿ ಗೆದ್ದ ಹಿಸ್ಪಾನೊ-ಸುಯಿಜಾ ಅಂತಹ ವಿವೇಕದ ಜೀರ್ಣೋದ್ಧಾರಕ್ಕೆ ನಿದರ್ಶನ. ವಿಮಾನ ತಯಾರಿಸುತ್ತಿದ್ದ ನ್ಯೂಪೋರ್ ಸಂಸ್ಥೆ ಆಂದ್ರೆ ದುಬೊನೆ ಎಂಬ ಸಾಹಸಿಗಾಗಿ ಅದರ ಮರದ ಬಾಡಿ ಕಟ್ಟಿತ್ತು. 1924ರ ಟಾರ್ಗಾ ಫ್ಲೋರಿಯೊದಲ್ಲಿ ದುಬೊನೆ ಆರನೆಯವರಾಗಿ ಗುರಿ ಮುಟ್ಟಿದರು. ಬಹುಕಾಲ ಅದನ್ನು ಟ್ಯೂಲಿಪ್ ಮರದ ಕಾರು ಎಂದೇ ಕರೆಯಲಾಗುತ್ತಿತ್ತು. ಮರ ವಾಸ್ತವವಾಗಿ ಮಹೋಗನಿ ಎಂಬುದು ಬಳಿಕ ಸ್ಪಷ್ಟವಾಯಿತು. ದಂತಕಥೆ ಒಂದು ಹೇಳಿದರೆ ವಸ್ತು ಇನ್ನೊಂದು ಹೇಳುತ್ತದೆ. ಮೂಲವಸ್ತು ಉಳಿದಿದ್ದರೆ ಮಾತ್ರ ಇಂತಹ ಸತ್ಯ ಹೊರಬರಲು ಸಾಧ್ಯ.

ವಿನ್ಯಾಸಕಾರನಿಗೆ ಸಲ್ಲುವ ಮಾನ

ಹಳೆಯ ಕಾರನ್ನು ಉಳಿಸುವುದೆಂದರೆ ಅದನ್ನು ಕಲ್ಪಿಸಿದ ಮನಸ್ಸಿಗೆ ಗೌರವ ಸಲ್ಲಿಸುವುದೂ ಹೌದು. ಬುಗಾಟಿ ಟೈಪ್ 57 ಎಸ್‌ಸಿ ಅಟ್ಲಾಂಟಿಕ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಬೆನ್ನಿನುದ್ದಕ್ಕೂ ಮೀನಿನ ರೆಕ್ಕೆಯಂತೆ ಎದ್ದು ನಿಂತ ರಿವೆಟ್ಟಿನ ಏಣು ಹರಿಯುತ್ತದೆ. ಅದರ ಪೂರ್ವಮಾದರಿಯನ್ನು ಮೆಗ್ನೀಸಿಯಂ ಮಿಶ್ರಲೋಹದ ತಗಡಿನಿಂದ ರೂಪಿಸಲಾಗಿತ್ತು. ಆ ಲೋಹ ಬೆಸುಗೆಗೆ ಒಗ್ಗದಿದ್ದುದರಿಂದ ಎರಡು ಭಾಗಗಳನ್ನು ರಿವೆಟ್ಟಿನಿಂದ ಜೋಡಿಸಬೇಕಾಯಿತು. ಬಳಿಕ ಬಂದ ಕಾರುಗಳ ಬಾಡಿ ಅಲ್ಯೂಮಿನಿಯಂನದು. ಏಣಿನ ಅಗತ್ಯವೇ ಇರಲಿಲ್ಲ. ಆದರೂ ವಿನ್ಯಾಸಕಾರ ಜಾನ್ ಬುಗಾಟಿ ಅದನ್ನು ಅಲಂಕಾರವಾಗಿ ಉಳಿಸಿಕೊಂಡರು. ಅನಿವಾರ್ಯತೆ ಹೀಗೆ ಅಂದವಾಯಿತು. ಅಟ್ಲಾಂಟಿಕ್ ತಯಾರಾದದ್ದು ನಾಲ್ಕೇ ನಾಲ್ಕು. ಜಾನ್ 1939ರಲ್ಲಿ ಕಾರಿನ ಪರೀಕ್ಷಾರ್ಥ ಚಾಲನೆಯ ವೇಳೆ ಅಪಘಾತಕ್ಕೀಡಾಗಿ ಮೂವತ್ತರ ಹರೆಯದಲ್ಲೇ ತೀರಿಕೊಂಡರು. ಉಡುಪು ವಿನ್ಯಾಸಕಾರ ರಾಲ್ಫ್ ಲಾರೆನ್ ಅವರ ಬಳಿಯಿರುವ ಅಟ್ಲಾಂಟಿಕ್ 1990ರಲ್ಲಿ ಪೆಬಲ್ ಬೀಚ್‌ನ ಸರ್ವಶ್ರೇಷ್ಠ ಪ್ರಶಸ್ತಿ ಗೆದ್ದಾಗ, ಅದು ಅರ್ಧ ಶತಮಾನದ ಹಿಂದೆ ಅಗಲಿದ ಯುವಕನೊಬ್ಬನಿಗೆ ಸಂದ ಮನ್ನಣೆಯೂ ಆಗಿತ್ತು.

ಜೀವಂತ ವಿನ್ಯಾಸಕಾರರನ್ನು ಗೌರವಿಸುವ ಪುರಸ್ಕಾರಗಳು ಬೇರೆ ಇವೆ. ಇಟಲಿಯಲ್ಲಿ 1954ರಲ್ಲಿ ಆರಂಭವಾದ 'ಕೊಂಪಾಸೊ ದೋರೊ', ಅಂದರೆ ಚಿನ್ನದ ಕೈವಾರ, ಎಲ್ಲ ಬಗೆಯ ವಸ್ತುವಿನ್ಯಾಸಕ್ಕೂ ಸಲ್ಲುವ ಪ್ರಶಸ್ತಿ. 1959ರಲ್ಲಿ ಇದು ಡಾಂಟೆ ಜಿಯಾಕೋಸ ರೂಪಿಸಿದ ಫಿಯೆಟ್ 500 ಎಂಬ ಪುಟ್ಟ ಕಾರಿಗೆ ದೊರೆಯಿತು. ಜನಸಾಮಾನ್ಯರ ಕಾರಿಗೆ ಸಂದ ಈ ಗೌರವ ಗಮನಾರ್ಹವಾದದ್ದು. 1999ರಲ್ಲಿ ಅಂತರರಾಷ್ಟ್ರೀಯ ತೀರ್ಪುಗಾರರ ಮಂಡಳಿ ಜೊರ್ಜೆಟೊ ಜುಜಾರೊ ಅವರನ್ನು ಶತಮಾನದ ಕಾರು ವಿನ್ಯಾಸಕಾರ ಎಂದು ಆರಿಸಿತು. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಅವರ ಕೈಯದೇ. ಭಾರತದ ರಸ್ತೆಗಳಲ್ಲಿ ಓಡಿದ ಡೇವೂ ಮಟೀಜ್ ಕೂಡ ಅವರ ಸಂಸ್ಥೆಯಾದ ಇಟಾಲ್‌ಡಿಸೈನ್‌ನಿಂದ ಮೂಡಿಬಂದದ್ದು. ವಿಲ್ಲಾ ಡೆಸ್ಟೆಯಲ್ಲಿಯೂ 2002ರಿಂದ ಹೊಸ ಪರಿಕಲ್ಪನಾ ಕಾರುಗಳಿಗೆ ಪ್ರತ್ಯೇಕ ವಿನ್ಯಾಸ ಪ್ರಶಸ್ತಿ ನೀಡಲಾಗುತ್ತಿದೆ. ಕಾಂಕೂರ್ ಹುಟ್ಟಿದ ಮೂಲ ಉದ್ದೇಶ ಹೀಗೆ ಮತ್ತೆ ಅದರೊಳಗೆ ಸೇರಿಕೊಂಡಿದೆ.

ಕಾರು ಉದ್ಯಮದ ತವರಾದ ಅಮೆರಿಕದ ಡೆಟ್ರಾಯಿಟ್ ಪ್ರದೇಶದಲ್ಲಿ ನಡೆಯುವ 'ಐಸ್ ಆನ್ ಡಿಸೈನ್' ಪ್ರದರ್ಶನದ ಸ್ವರೂಪ ಇನ್ನೂ ಭಿನ್ನ. ನೇತ್ರವಿಜ್ಞಾನ ಸಂಸ್ಥೆಯೊಂದರ ಸಹಾಯಾರ್ಥವಾಗಿ ನಡೆಯುವ ಇಲ್ಲಿ ವಿನ್ಯಾಸಕಾರರ ಜೀವಮಾನದ ಸಾಧನೆಯನ್ನು ಗೌರವಿಸಲಾಗುತ್ತದೆ. ಜೊತೆಗೆ ದೃಷ್ಟಿದೋಷವುಳ್ಳವರು ಕಾರುಗಳ ಮೈಯನ್ನು ಬೆರಳುಗಳಿಂದ ಸ್ಪರ್ಶಿಸಿ ತಮ್ಮ ಮೆಚ್ಚಿನದನ್ನು ಆರಿಸುವ ಕ್ರಮವೂ ಉಂಟು. ಒಳ್ಳೆಯ ರೂಪ ಕಣ್ಣಿಗೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೆಲಸ ಮಾಡಿದ ಕೈಗಳು

ಈ ಎಲ್ಲ ಸಂಭ್ರಮದ ನಡುವೆ ಒಂದು ಕೊರತೆಯನ್ನು ಎತ್ತಿ ಹೇಳಬೇಕಾಗುತ್ತದೆ. ಪ್ರಶಸ್ತಿಫಲಕದ ಮೇಲೆ ಸಾಮಾನ್ಯವಾಗಿ ಮೂಡುವುದು ಕಾರಿನ ಒಡೆಯರ ಹೆಸರು. ತಗಡು ಬಡಿದವರು, ಮರ ಕೆತ್ತಿದವರು, ಚರ್ಮ ಹೊಲಿದವರು, ಸಿಗದ ಬಿಡಿಭಾಗವನ್ನು ಲೇತ್ ಯಂತ್ರದ ಮುಂದೆ ನಿಂತು ಕಡೆದು ಕೊಟ್ಟವರು ಹಿನ್ನೆಲೆಯಲ್ಲೇ ಉಳಿಯುತ್ತಾರೆ. ಇವರ ಪೀಳಿಗೆ ವಯಸ್ಸಾಗುತ್ತಿದೆ. ಕಸುಬು ಗೊತ್ತಿದ್ದವರು ಇಲ್ಲವಾದರೆ ಕಾರು ಇದ್ದೂ ಪ್ರಯೋಜನವಿಲ್ಲ.

ಈ ಕೊರತೆಗೆ ಉತ್ತರ ಹುಡುಕಿದ ಸಂಸ್ಥೆಗಳಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಮೆಕ್‌ಫರ್ಸನ್ ಕಾಲೇಜು ಮುಖ್ಯವಾದದ್ದು. 1976ರಲ್ಲಿ ಅಲ್ಲಿ ವಾಹನ ಜೀರ್ಣೋದ್ಧಾರದ ಶಿಕ್ಷಣ ಆರಂಭವಾಯಿತು. ಇಂದು ಅದು ನಾಲ್ಕು ವರ್ಷಗಳ ಪದವಿ ವ್ಯಾಸಂಗ. ಎಂಜಿನ್, ತಗಡಿನ ಕೆಲಸ, ಬಣ್ಣ, ಆಸನದ ಹೊಲಿಗೆಗಳ ಜೊತೆಗೆ ವಾಹನ ಚರಿತ್ರೆಯನ್ನೂ ಅಲ್ಲಿ ಕಲಿಸಲಾಗುತ್ತದೆ. ವಿದ್ಯಾರ್ಥಿಗಳು ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ 1953ರ ಮರ್ಸಿಡಿಸ್-ಬೆಂಜ್ 300 ಎಸ್ ಕಾರು 2023ರಲ್ಲಿ ಪೆಬಲ್ ಬೀಚ್‌ನಲ್ಲಿ ತನ್ನ ವರ್ಗದ ಎರಡನೆಯ ಸ್ಥಾನ ಪಡೆಯಿತು. ಕೋಟ್ಯಧೀಶರ ಸಂಗ್ರಹಗಳ ನಡುವೆ ವಿದ್ಯಾರ್ಥಿಗಳ ಕಾರು ನಿಂತು ಗೆದ್ದ ಆ ಕ್ಷಣ ಈ ಕ್ಷೇತ್ರದ ನಾಳೆಗೆ ಭರವಸೆಯಾಗಿದೆ.

ಭಾರತದಲ್ಲಿ

ಭಾರತದ ರಾಜಮನೆತನಗಳಿಗೂ ಯೂರೋಪಿನ ಬಾಡಿ ಕಟ್ಟುವ ಸಂಸ್ಥೆಗಳಿಗೂ ನಿಕಟ ನಂಟಿತ್ತು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅಮೆರಿಕದ ಡ್ಯೂಸೆನ್‌ಬರ್ಗ್ ಚಾಸಿಗೆ ಇಂಗ್ಲೆಂಡಿನ ಗರ್ನಿ ನಟಿಂಗ್ ಸಂಸ್ಥೆಯಿಂದ ಬಾಡಿ ಕಟ್ಟಿಸಿಕೊಂಡಿದ್ದರು. ಮೈಸೂರಿನ ಅರಮನೆ ಒಮ್ಮೆಗೆ ಏಳೇಳು ರೋಲ್ಸ್ ರಾಯ್ಸ್ ಕಾರುಗಳಿಗೆ ಬೇಡಿಕೆ ಸಲ್ಲಿಸುತ್ತಿತ್ತೆಂದೂ, ಇದರಿಂದ ಆ ಕಂಪನಿಯವರ ಬಾಯಲ್ಲಿ 'ಮೈಸೂರು ಮಾಡುವುದು' ಎಂಬ ನುಡಿಯೇ ಹುಟ್ಟಿತೆಂದೂ ಒಂದು ಕಥೆ ಪ್ರಚಲಿತದಲ್ಲಿದೆ. ಸಂಸ್ಥಾನಗಳ ವಿಲೀನದ ಬಳಿಕ ಅನೇಕ ಕಾರುಗಳು ಜುಜುಬಿ ಬೆಲೆಗೆ ಕೈಬದಲಾಗಿ ಹೊರದೇಶಗಳ ಪಾಲಾದವು. 1970ರ ದಶಕದಲ್ಲಿ ಸರ್ಕಾರ ಪುರಾತನ ಕಾರುಗಳ ರಫ್ತಿಗೆ ತಡೆ ಹಾಕಿತು. 2018ರಲ್ಲಿ ಪೆಬಲ್ ಬೀಚ್ ಭಾರತದ ರಾಜರ ಕಾಲದ ಕಾರುಗಳಿಗೆಂದೇ ವಿಶೇಷ ವರ್ಗವೊಂದನ್ನು ಏರ್ಪಡಿಸಿತ್ತು.

ದೇಶದೊಳಗೆ ಹಳೆಯ ಕಾರುಗಳ ಮೇಲಿನ ಅಕ್ಕರೆಯನ್ನು ಸಾರ್ವಜನಿಕವಾಗಿ ಬೆಳೆಸಿದ್ದು 1964ರಲ್ಲಿ ದೆಹಲಿಯಲ್ಲಿ ಆರಂಭವಾದ 'ಸ್ಟೇಟ್ಸ್‌ಮನ್' ಪತ್ರಿಕೆಯ ರ‍್ಯಾಲಿ. 2008ರಲ್ಲಿ ಮುಂಬಯಿಯಲ್ಲಿ ಆಭರಣ ಸಂಸ್ಥೆ ಕಾರ್ಟಿಯೆ ಏರ್ಪಡಿಸಿದ ಕಾಂಕೂರ್ ಅಂತರರಾಷ್ಟ್ರೀಯ ಮಟ್ಟದ ತೀರ್ಪುಗಾರರನ್ನು ಭಾರತಕ್ಕೆ ಕರೆತಂದಿತು. 2011ರಿಂದ '21 ಗನ್ ಸೆಲ್ಯೂಟ್' ಎಂಬ ಕಾಂಕೂರ್ ನಡೆಯುತ್ತ ಬಂದಿದೆ.

2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪುರಾತನ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಇವುಗಳ ನೋಂದಣಿ ಸಂಖ್ಯೆಯಲ್ಲಿ 'ವಿಎ' ಎಂಬ ಗುರುತಿರುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಎಂದು ನಿಗದಿಯಾಯಿತು. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಇವನ್ನು ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿಯಂತಹ ಕಾರಣಗಳಿಗೆ ರಸ್ತೆಗಿಳಿಸಬಹುದು. ಎಲ್ಲಕ್ಕಿಂತ ಮುಖ್ಯವಾದ ಷರತ್ತೆಂದರೆ, ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಪೆಬಲ್ ಬೀಚ್‌ನ ತೀರ್ಪುಗಾರರು ದಶಕಗಳ ಅನುಭವದಿಂದ ಕಂಡುಕೊಂಡ ತತ್ತ್ವ ಹೀಗೆ ಭಾರತದ ನಿಯಮದಲ್ಲೂ ಸೇರಿದೆ.

ಕರ್ನಾಟಕದ ಪಾಲು

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಸಂಗ್ರಹ ರಾಜ್ಯದ ಜನರಿಗೆ ಬಹುಕಾಲದಿಂದ ಪರಿಚಿತ. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯವೂ ಇಂತಹ ಕಾರುಗಳನ್ನು ಸಾರ್ವಜನಿಕರ ಮುಂದೆ ತೆರೆದಿಟ್ಟಿದೆ.

ಆದರೆ ಕರ್ನಾಟಕದ ವಾಹನ ಪರಂಪರೆ ಅರಮನೆಯ ಕಾರುಗಳಲ್ಲಿ ಮಾತ್ರ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಅವುಗಳ ಅಭಿಮಾನಿಗಳು ಇಂದಿಗೂ ಮೂಲ ಬಿಡಿಭಾಗಕ್ಕಾಗಿ ಊರೂರು ಅಲೆಯುತ್ತಾರೆ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಸನ್‌ರೈಸ್ ಸಂಸ್ಥೆ, ಬಳಿಕ ಸಿಪಾನಿ ಎಂದು ಹೆಸರಾದದ್ದು, ಫೈಬರ್ ಮೈಯ ಮೂರು ಚಕ್ರದ 'ಬಾದಲ್' ಎಂಬ ಪುಟ್ಟ ಕಾರನ್ನು ತಯಾರಿಸಿತ್ತು. 1980ರ ದಶಕದಲ್ಲಿ ಅದೇ ಸಂಸ್ಥೆಯಿಂದ 'ಡಾಲ್ಫಿನ್' ಬಂತು. ಮಾರುಕಟ್ಟೆಯಲ್ಲಿ ಅವು ಬಾಳಲಿಲ್ಲ. ಆದರೂ ಈ ನೆಲದಲ್ಲೇ ಕಾರೊಂದನ್ನು ಕಟ್ಟಲು ಹೊರಟ ಪ್ರಯತ್ನದ ಸಾಕ್ಷಿಗಳವು.

ಈ ವಾಹನಗಳು ಈಗ ಒಂದೊಂದಾಗಿ ಐವತ್ತರ ಗಡಿ ಮುಟ್ಟುತ್ತಿವೆ. ಅಂಬಾಸಿಡರ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳ ಸ್ಥಿತಿಯೂ ಅದೇ. ರಾಜರ ರೋಲ್ಸ್ ರಾಯ್ಸ್‌ಗೆ ಕಾವಲುಗಾರರಿದ್ದಾರೆ. ಮಧ್ಯಮ ವರ್ಗದ ಮನೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿರುವ ಅಜ್ಜನ ಕಾರಿಗೆ ಇಲ್ಲ. ಅದರ ಮುಂದಿರುವುದು ಎರಡು ದಾರಿ. ಒಂದು ಶಿವಾಜಿನಗರದ ಗುಜರಿಯತ್ತ, ಇನ್ನೊಂದು ಕಣ್ಣು ಕುಕ್ಕುವ ಬಣ್ಣ, ಹೊಸ ಎಂಜಿನ್, ದೊಡ್ಡ ಚಕ್ರಗಳನ್ನು ಹೊತ್ತ ಮಾರ್ಪಾಡಿನತ್ತ. ಮೊದಲನೆಯದು ವಾಹನವನ್ನು ಕಳೆಯುತ್ತದೆ; ಎರಡನೆಯದು ವಾಹನವನ್ನು ಉಳಿಸಿ ಅದರ ಚರಿತ್ರೆಯನ್ನು ಕಳೆಯುತ್ತದೆ.

ಮೂರನೆಯ ದಾರಿಯೂ ಇದೆ. ಅದಕ್ಕೆ ಮೊದಲು ಬೇಕಾದದ್ದು ಹಣವಲ್ಲ, ಸಂಯಮ. ಹಳೆಯ ನೋಂದಣಿ ಪುಸ್ತಕವನ್ನೂ ಸರ್ವಿಸ್ ರಸೀದಿಗಳನ್ನೂ ಜೋಪಾನವಾಗಿಡುವುದು; ಬಿಚ್ಚುವ ಮೊದಲು ಪ್ರತಿ ಭಾಗದ ಛಾಯಾಚಿತ್ರ ತೆಗೆಯುವುದು; ತೆಗೆದ ಮೂಲ ಭಾಗವನ್ನು ಎಸೆಯದಿರುವುದು; ಗಟ್ಟಿಯಿರುವ ಬಣ್ಣವನ್ನು ಕೆರೆಯದಿರುವುದು; ಕೆಲಸ ಮಾಡಿಕೊಟ್ಟ ಟಿಂಕರ್ ಮತ್ತು ಪೇಂಟರ್ ಹೆಸರನ್ನು ಕಡತದಲ್ಲಿ ಬರೆದಿಡುವುದು. ಪೆಬಲ್ ಬೀಚ್‌ನ ಹುಲ್ಲುಹಾಸಿಗೂ ನಮ್ಮ ಬಡಾವಣೆಯ ಶೆಡ್ಡಿಗೂ ಈ ನಿಯಮಗಳು ಒಂದೇ.

ಬಿರಿದ ಬಣ್ಣದ ಬುಗಾಟಿಯೂ ಮರಳಿ ಮಿನುಗಿದ ಹಿಸ್ಪಾನೊ-ಸುಯಿಜಾವೂ ಒಂದರ ಹಿಂದೊಂದು ಗೆದ್ದದ್ದರ ಅರ್ಥ ಇಷ್ಟೇ. ಉಳಿದಿರುವಲ್ಲಿ ಉಳಿಸಬೇಕು, ಅಳಿದಿರುವಲ್ಲಿ ಆಧಾರ ನೋಡಿ ತುಂಬಬೇಕು. ಈ ಎರಡರ ನಡುವಿನ ಗೆರೆಯನ್ನು ಬಲ್ಲವರಿಗೇ ಗೌರವ ಸಲ್ಲಬೇಕು.